ಒಗ್ಗರಣೆ ನಿಂತ ಮೂರು ದಿನ

ನಾನು ಸಾರು ಮಾಡುವುದನ್ನು ಮೊದಲ ಸಲ ನೋಡಿದವರು ನಗುತ್ತಾರೆ. ಸಾರು ಕುದಿದ ಮೇಲೆ ಮೊದಲು ಒಂದು ಬಟ್ಟಲಷ್ಟು ತೆಗೆದು ಪಕ್ಕಕ್ಕೆ ಇಡುತ್ತೇನೆ. ಆಮೇಲೆ ಪಾತ್ರೆಗೆ ಒಗ್ಗರಣೆ. ಅದಾದ ಮೇಲೆ ಸೌಟು ತೊಳೆದು, ಒರೆಸಿ, ಮತ್ತೆ ಒಲೆಯ ಮೇಲಿಟ್ಟು ಆ ಒಂದು ಬಟ್ಟಲಿಗೆ ಬೇರೆ ಒಗ್ಗರಣೆ. ಎಣ್ಣೆ ಅದೇ, ಸಾಸಿವೆ ಅದೇ, ಇಂಗೂ ಅದೇ. ಪಕ್ಕದ ಮನೆಯ ಸೊಸೆ ಮೊನ್ನೆ ಬಾಗಿಲಲ್ಲಿ ನಿಂತು ನೋಡಿ ಕೇಳಿದಳು: "ಆ ಬಟ್ಟಲು ಯಾರಿಗೆ?"

"ಯಾರಿಗೂ ಅಲ್ಲ. ನಾನೇ ಉಣ್ಣುತ್ತೇನೆ."

"ಮತ್ತೆ ಎರಡು ಸಲ ಯಾಕೆ?"

"ಕೈ ಅಭ್ಯಾಸ" ಎಂದೆ. ಬಿ.ಎಸ್ಸಿ. ಪಾಸಾದವಳು ಕೊಡುವ ಉತ್ತರವೇ ಇದು ಎಂಬಂತೆ ಅವಳು ನೋಡಿದಳು. ಉತ್ತರ ಇಲ್ಲದೆ ಅಲ್ಲ. ಉದ್ದ ಇದೆ, ಬಾಗಿಲಲ್ಲಿ ನಿಂತು ಹೇಳುವಂಥದ್ದಲ್ಲ. ನೀವು ಹೇಗೂ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಬಿ.ಎಸ್ಸಿ. ಎಂದೆನಲ್ಲ, ಅದನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಡುನಡುವೆ ಮೂಗು ತೂರಿಸುತ್ತಿರುತ್ತದೆ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ವಿನಯದಿಂದ ಹೇಳಬೇಕಂತೆ. ನನಗೆ ಆ ಪಾಠ ಯಾರೂ ಮಾಡಲಿಲ್ಲ. ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದವರು. ಅಪ್ಪಯ್ಯ ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲು ಸೇರಿದವರು. ನಾನು ಓದಿದ್ದು ನುಂಗಂಬಾಕ್ಕಂನ ಒಂದು ಅಡ್ಡಬೀದಿಯಲ್ಲಿ, ರಾಯರ ಹೋಟೆಲಿನ ಉಗ್ರಾಣದಲ್ಲಿ, ಕೊತ್ತಂಬರಿ ಮೂಟೆಗೆ ಬೆನ್ನು ಕೊಟ್ಟು. ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಇಂಗಿನ ವಾಸನೆ ಬರುತ್ತಿತ್ತು. ಕಾಲೇಜಿನಲ್ಲಿ ಪಕ್ಕ ಕೂತ ಹುಡುಗಿ ಒಂದು ವರ್ಷ ಮೂಗು ಮುಚ್ಚಿಕೊಂಡಳು, ಎರಡನೆಯ ವರ್ಷದಿಂದ "ಇವತ್ತು ನಿಮ್ಮಲ್ಲಿ ಏನು ಸಾಂಬಾರು?" ಎಂದು ಕೇಳತೊಡಗಿದಳು.

ನಮ್ಮ ಹೋಟೆಲುಗಳಲ್ಲಿ ಮನುಷ್ಯರ ಹೆಸರನ್ನು ಕೆಲಸ ನುಂಗಿಬಿಡುತ್ತದೆ. ದೋಸೆ ಭಟ್ರು, ಇಡ್ಲಿ ಭಟ್ರು, ರುಬ್ಬುವ ನಾರ್ಣ. ಅಪ್ಪಯ್ಯ ಒಗ್ಗರಣೆ ಭಟ್ರು. ಸಾಂಬಾರು, ಸಾರು, ಚಟ್ನಿ, ಪಲ್ಯ ಯಾರು ಬೇಯಿಸಲಿ, ಕೊನೆಯ ಸೌಟು ಅಪ್ಪಯ್ಯನದು. ಉದ್ದ ಹಿಡಿಯ ಒಂದು ಕಬ್ಬಿಣದ ಸೌಟಿತ್ತು, ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಅವರು ರುಚಿ ನೋಡಿದ್ದನ್ನು ನಾನು ಕಂಡೇ ಇಲ್ಲ. ಕಿವಿಯಿಂದ ಅಡುಗೆ ಮಾಡುತ್ತಿದ್ದರು. ಸಾಸಿವೆಯ ಚಟಪಟ ಒಂದು ಹದಕ್ಕೆ ಇಳಿಯುವವರೆಗೆ ತಲೆ ಓರೆ ಮಾಡಿ ಆಲಿಸಿ, ಕರಿಬೇವು ಹಾಕಿ, ಚೊಂಯ್ ಎನ್ನಿಸಿ, ಮುಚ್ಚಳ ಮುಚ್ಚಿಬಿಡುತ್ತಿದ್ದರು. ಆಫೀಸಿನ ಗುಮಾಸ್ತರು ಆ ಸದ್ದು ಕೇಳಿಯೇ ಕೈ ತೊಳೆಯಲು ಏಳುತ್ತಿದ್ದರು.

ಅಂಥವರು ಮನೆಯಲ್ಲಿ ಮಾತ್ರ ಒಗ್ಗರಣೆ ಹಾಕಿದ್ದನ್ನು ಉಣ್ಣುತ್ತಿರಲಿಲ್ಲ. ಮನೆಯೆಂದರೆ ಹೋಟೆಲಿನ ಹಿಂದೆ ರಾಯರೇ ಕೊಟ್ಟ ಎರಡು ಕೋಣೆ, ಎದುರಿಗೆ ಬಾವಿ, ಒಂದು ಬೇವಿನ ಮರ. ಅಮ್ಮ ಒಗ್ಗರಣೆಗೆ ಮುಂಚೆ ಅಪ್ಪಯ್ಯನ ಪಾಲಿನ ಬಟ್ಟಲು ತೆಗೆದಿಡುತ್ತಿದ್ದಳು. ಮದುವೆಯಾದ ಮೊದಲ ದಿನದಿಂದಲೂ ಹಾಗೆಯೇ ಅಂತೆ. ಯಾಕೆಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಇಡೀ ದಿನ ಅದೇ ಹೊಗೆಯಲ್ಲಿ ನಿಂತವರಿಗೆ ಬೇಸರ ಇರಬೇಕು ಎಂದು ನಾನು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಓದಿದವರಿಗೆ ಇದೊಂದು ಸುಖ, ಯಾವುದಕ್ಕೂ ಕಾರಣ ಹೊಳೆದುಬಿಡುತ್ತದೆ.

ಐವತ್ತೇಳರಲ್ಲಿ ಹಡಗಿನಿಂದ ಇಳಿದು ಬಂದ ಫ್ಲೂ ಜ್ವರವನ್ನು ಇಲ್ಲಿ ಹೇಳಬೇಕು. ಮದ್ರಾಸಿನ ತುಂಬ ಜನ ಮಲಗಿದರು. ಅದಕ್ಕೆ ಲಸಿಕೆಯೂ ಇರಲಿಲ್ಲ, ಏನೂ ಇರಲಿಲ್ಲ. ನಮ್ಮ ಬೀದಿಗೆ ಇದ್ದದ್ದು ಅಪ್ಪಯ್ಯನ ಮೆಣಸಿನ ಸಾರು. ದೊಡ್ಡ ಹಂಡೆಯಲ್ಲಿ ಮಾಡಿ, ಚೆಂಬು ತಂದವರಿಗೆಲ್ಲ ಸುರಿದರು. ಜ್ವರ ತಾನಾಗಿ ಬಂದಿತ್ತು, ತಾನಾಗಿ ಹೋಯಿತು. ಹೆಸರು ಮಾತ್ರ ಸಾರಿಗೆ ಬಂತು. ಅಂದಿನಿಂದ ಬೀದಿಯವರಿಗೆ ಕಾಯಿಲೆಯ ವಿಷಯದಲ್ಲಿ ಡಾಕ್ಟರಿಗಿಂತ "ಅಯ್ಯರ್" ಹೆಚ್ಚು. ಅಲ್ಲಿ ಅಪ್ಪಯ್ಯ ಎಲ್ಲರಿಗೂ ಅಯ್ಯರ್.

ಅದಾಗಿ ಕೆಲವು ವರ್ಷಕ್ಕೆ, ನಾನು ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಗ, ಇಡೀ ದೇಶಕ್ಕೆ ಸಿಡುಬಿನ ಲಸಿಕೆ ಹಾಕುತ್ತಾರೆ ಎಂಬ ಸುದ್ದಿ ಬಂತು. ಒಂದೂ ಮನೆ ಬಿಡುವುದಿಲ್ಲವಂತೆ, ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ. ಅಷ್ಟು ದೊಡ್ಡ ದೇಶದಲ್ಲಿ ನಮ್ಮ ಬೀದಿಯ ಪಾಲಿಗೆ ಬಂದದ್ದು ಮರಗತಂ ಎಂಬ ಒಬ್ಬ ಹೆಂಗಸು. ಕಾರ್ಪೊರೇಷನ್ನಿನವಳು. ಕೈಯಲ್ಲಿ ತಗಡಿನ ಪೆಟ್ಟಿಗೆ, ಹಳೆಯ ಕೊಡೆ. ಮುಖದ ತುಂಬ ಸಿಡುಬಿನ ಕುಳಿ. ಹೆಣ್ಣುಮಕ್ಕಳು ಜೊತೆಗಿದ್ದರೆ ಜನ ಬಾಗಿಲು ತೆರೆಯುತ್ತಾರೆಂದು ನಮ್ಮ ಕಾಲೇಜಿನಲ್ಲಿ ಕೇಳಿದ್ದರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಬಾಗಿಲು ತೆರೆಯುತ್ತಿದ್ದರು, ನಿಜ. ತಮಿಳಿನಲ್ಲಿ ಒಂದು ಭಾಷಣ ಬಾಯಿಪಾಠ ಮಾಡಿಕೊಂಡಿದ್ದೆ. ವೈರಸ್ ಎಂದರೇನು, ಮೈಯಲ್ಲಿ ರಕ್ಷಣೆ ಹೇಗೆ ಹುಟ್ಟುತ್ತದೆ, ಎಲ್ಲವೂ ಅದರಲ್ಲಿತ್ತು. ಜನ ಮರ್ಯಾದೆಯಿಂದ ಕೇಳಿ, "ನೀ ಅಯ್ಯರ್ ಪೊಣ್ಣುದಾನೇ? ಇನ್ನೈಕ್ಕಿ ಎನ್ನ ಸಾಂಬಾರ್?" ಅಯ್ಯರ್ ಮಗಳಲ್ಲವೇ, ಇವತ್ತು ಏನು ಸಾಂಬಾರು ಎಂದು ವಿಚಾರಿಸಿ, "ನಾಳೈಕ್ಕಿ ವಾಮ್ಮಾ" ನಾಳೆ ಬಾರಮ್ಮ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬಾತ ನಮ್ಮನ್ನು ಕಂಡು ಖಾಲಿ ನೀರಿನ ತೊಟ್ಟಿಯಲ್ಲಿ ಇಳಿದು ಕೂತ. ಒಂದು ವಾರ ತಿರುಗಿ ಇಡೀ ಬೀದಿಯಲ್ಲಿ ಮೂರು ತೋಳು ಸಿಕ್ಕಿದವು. ಅದರಲ್ಲಿ ಒಂದು ನನ್ನದು.

ಅವಮಾನವಾಯಿತು. ಹೋಗಿ ರಾಯರ ಎದುರು ನಿಂತೆ. ರಾಯರು ಒಳ್ಳೆಯವರೇ, ಸ್ವಲ್ಪ ಮುಂಗೋಪ. "ಹೋಟೆಲಿನವರು ಹಾಕಿಸಿಕೊಂಡರೆ ಬೀದಿ ಹಿಂದೆ ಬರುತ್ತದೆ" ಎಂದೆ. ಅವರಿಗೆ ಅದು ಸರಿಯೆನಿಸಿತು. ಮಧ್ಯಾಹ್ನ ಮೂರರ ಬಿಡುವಿನಲ್ಲಿ ಹದಿನಾಲ್ಕು ಜನ ಬರಿಮೈಯಲ್ಲಿ ಸಾಲು ನಿಂತರು.

"ನಂಗೆ ಎಡಗೈಗೆ ಹಾಕಿ, ಬಲಗೈ ದೋಸೆಗ್ ಬೇಕ್" ಎಂದರು ದೋಸೆ ಭಟ್ರು.

"ನಂಗ್ ಎರ್ಡೂ ಬೇಕಲೆ! ಒಂದ್ರಗೆ ರುಬ್ಬುದ್, ಒಂದ್ರಗೆ ದೂಡುದ್" ಎಂದ ನಾರ್ಣ.

"ಹಾಂಗಾರೆ ನಾಲ್ಗೆಗ್ ಹಾಕ್ಸ್ಕೋ. ಅದ್ ಮಾತ್ರ ಕೆಲ್ಸಕ್ಕಿಲ್ದೇ ತಿರ್ಗುದ್" ಎಂದರು ಇಡ್ಲಿ ಭಟ್ರು.

ಮರಗತಂಗೆ ಒಂದಕ್ಷರವೂ ಅರ್ಥವಾಗದಿದ್ದರೂ ನಕ್ಕಳು. ಗಾಜಿನ ಸಣ್ಣ ನಳಿಗೆಯಿಂದ ಒಂದು ಹನಿ ಮದ್ದು, ಅದರ ಮೇಲೆ ಹಲ್ಲುಹಲ್ಲಿನ ಸೂಜಿಯನ್ನಿಟ್ಟು ಒಂದು ತಿರುವು. ಹದಿನಾಲ್ಕೂ ಮುಗಿಯಿತು. ಅಪ್ಪಯ್ಯ ಕೊನೆಯವರು. ತೋಳು ಕೊಟ್ಟರು, ಒಳಗೆ ಹೋದರು. ನಾನು ಗೆದ್ದೆನೆಂದುಕೊಂಡೆ.

ನಾಲ್ಕನೆಯ ದಿನ ತೋಳುಗಳು ಊದಿದವು. ಗುಳ್ಳೆ ಎದ್ದಿತು, ಕೆಲವರಿಗೆ ಮೈ ಬೆಚ್ಚಗಾಯಿತು. ಅದು ಆಗಬೇಕಾದದ್ದೇ, ಪುಸ್ತಕದಲ್ಲಿದೆ. ಆದರೆ ಅಪ್ಪಯ್ಯ ತಮ್ಮ ತೋಳಿನ ಗುಳ್ಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಿತ್ತಿಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು ಹೋಟೆಲಿನ ಮುಂಬಾಗಿಲಿಗೆ ಕಟ್ಟಿದರು. ಸೌಟನ್ನು ಬೂದಿಯಲ್ಲಿ ತಿಕ್ಕಿ ತೊಳೆದು ಗೂಟಕ್ಕೆ ನೇತುಹಾಕಿದರು.

"ಅಮ್ಮ ಬಂದಿತ್ತ್. ಅಮ್ಮ ಬಂದ್ ಮನೇಲಿ ಒಗ್ಗರ್ಣೆ ಹಾಕುಕಿಲ್ಲೆ."

ಸಿಡುಬಿಗೆ ಅಮ್ಮ ಎನ್ನುವುದು ವಾಡಿಕೆ; ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ, ಕರಿಯುವುದು, ಹುರಿಯುವುದು ಕೂಡದು ಎಂಬುದು ನಮ್ಮೂರಿನ ಕಟ್ಟಳೆ. ಘಾಟಿಗೆ ದೇವಿ ಮುನಿಯುತ್ತಾಳೆ ಎಂದು. ಮದ್ರಾಸಿನಲ್ಲೂ ಅದೇ ಕಟ್ಟಳೆ. ಆದರೆ ಲಸಿಕೆಯ ಗುಳ್ಳೆಗೆ, ಅದೂ ಒಂದು ಹೋಟೆಲಿಗೆ, ಅದನ್ನು ಯಾರೂ ಹಚ್ಚಿರಲಿಲ್ಲ. ರಾಯರು ಮೊದಲು ನಕ್ಕರು.

"ಹ್ವಾಯ್ ಭಟ್ರೆ, ಇದ್ ಹೋಟ್ಲ್ ಮಾರಾಯ್ರೆ, ಮನೆ ಅಲ್ಲ!"

"ಹದಿನಾಲ್ಕ್ ಜನ ಇಲ್ಲೇ ಉಂತ್ರ್, ಇಲ್ಲೇ ಮಲಗ್ತ್ರ್. ಇದ್ ಮನೆ ಅಲ್ದಾ ಹಾಂಗಾರೆ?"

ಬೇರೆ ಭಟ್ರುಗಳು ಮೊದಲೇ ಹೆದರಿದ್ದರು. ಅಪ್ಪಯ್ಯನ ಸೌಟನ್ನು ಮುಟ್ಟುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಆ ದಿನ ಹೋಟೆಲಿನಲ್ಲಿ ಬೇಳೆ ಬೆಂದ ನೀರಿನಂಥ ಸಾಂಬಾರು, ಬೋಳು ಚಟ್ನಿ. "ಎನ್ನ ಅಯ್ಯರೇ, ಆಸ್ಪತ್ರಿ ಸಾಪ್ಪಾಡಾ ಇದು?" ಆಸ್ಪತ್ರೆ ಊಟವೇ ಇದು ಎಂದು ಒಬ್ಬ ಗುಮಾಸ್ತರು ಎಲೆ ಮಡಚಿದರು. ಎರಡನೆಯ ದಿನ ಬೈಯಲೂ ಯಾರೂ ಬರಲಿಲ್ಲ. ಮದ್ರಾಸಿನಲ್ಲಿ ಬಾಗಿಲಿಗೆ ಬೇವು ಕಟ್ಟಿದರೆ ಏನರ್ಥವೆಂದು ಮಗುವಿಗೂ ಗೊತ್ತು: ಒಳಗೆ ಸಿಡುಬಿನ ರೋಗಿ ಇದ್ದಾನೆ. ಜನ ಎದುರಿನ ಪಕ್ಕದಲ್ಲಿ ನಡೆಯತೊಡಗಿದರು.

ಸಂಜೆ ರಾಯರು ನಮ್ಮ ಬಾಗಿಲಿಗೆ ಬಂದರು. ನಗು ಇರಲಿಲ್ಲ.

"ಭಟ್ರೆ, ನಾಳೆ ಸಂಜೆ ಸಾಂಬಾರಿಗೆ ಒಗ್ಗರ್ಣೆ ಬೀಳ್ಕ್. ಬೀಳ್ದಿದ್ರೆ ನಾಡಿದ್ದಿಂದ ಬೇರೆ ಭಟ್ರ್ ಬತ್ರ್. ಈ ಕೋಣೇನೂ ಅವ್ರಿಗೇ ಬೇಕಾತ್ತ್." ಅಷ್ಟು ಹೇಳಿ ನನ್ನ ಕಡೆ ನೋಡಿದರು, ತುಸು ಮೆತ್ತಗಾದರು. "ಎಂತ ಮಾಡುದ್ ಹೇಳ್ ಮಗಾ, ನಿಂಗಾದ್ರೂ ತಿಳೀತಿಲ್ಯಾ?"

ನನ್ನ ಪರೀಕ್ಷೆಗೆ ಇನ್ನು ಐದು ವಾರ. ಕೋಣೆ ಹೋದರೆ ಊರಿಗೆ ಹೊರಡಬೇಕು; ಊರಿನಲ್ಲಿ ಕಾಲೇಜೂ ಇಲ್ಲ, ಕೊತ್ತಂಬರಿ ಮೂಟೆಯೂ ಇಲ್ಲ. ಲಸಿಕೆಯವಳನ್ನು ಹೋಟೆಲಿಗೆ ಕರೆತಂದವಳು ನಾನೇ. ಪುಸ್ತಕ ಹಿಡಿದು ಅಪ್ಪಯ್ಯನ ಎದುರು ಕೂತೆ.

"ಅಪ್ಪಯ್ಯ, ಇದು ದೇವಿ ಅಲ್ಲ. ಕಣ್ಣಿಗೆ ಕಾಣದ ಒಂದು ವೈರಸ್."

"ಕಣ್ಣಿಗ್ ಕಾಂತಿಲ್ಯಾ?"

"ಇಲ್ಲ. ಅಷ್ಟು ಸಣ್ಣದು."

"ದೇವ್ರೂ ಹಾಂಗೇ ಅಲ್ದಾ ಮಗಾ?"

ಪುಸ್ತಕ ಮುಚ್ಚಿದೆ. ಸಿಟ್ಟು ಬಂತು. ಬಾಯಿಗೆ ಬಂದದ್ದನ್ನೂ ಹೇಳಿಬಿಟ್ಟೆ: "ನನ್ನ ಓದಿಗಿಂತ ನಿಮಗೆ ನಿಮ್ಮ ಮೂಢನಂಬಿಕೆ ದೊಡ್ಡದು." ಅಪ್ಪಯ್ಯ ನನ್ನ ಊದಿದ ತೋಳಿನ ಮೇಲೆ ಒಂದು ಎಸಳು ಬೇವು ಇಟ್ಟು ಎದ್ದು ಹೋದರು. ಆ ಮಾತನ್ನು ನಾನು ಇವತ್ತಿಗೂ ವಾಪಸು ತೆಗೆದುಕೊಳ್ಳುತ್ತಲೇ ಇದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಆರೋಗ್ಯ ಇನ್‌ಸ್ಪೆಕ್ಟರು ಮರಗತಂಳನ್ನು ಕರೆದುಕೊಂಡು ಬಂದೇಬಿಟ್ಟರು. ಹೋಟೆಲಿನಲ್ಲಿ ರೋಗಿಯನ್ನು ಬಚ್ಚಿಟ್ಟಿದ್ದಾರೆಂದು ಯಾರೋ ದೂರು ಕೊಟ್ಟಿದ್ದರು.

"ನೋಯಾಳಿ ಎಂಗೇ?" ರೋಗಿ ಎಲ್ಲಿ ಎಂದು ಗರ್ಜಿಸಿದರು.

"ಇಲ್ಲ ಸಾರ್" ಎಂದರು ರಾಯರು.

"ಬೇವು ಯಾಕೆ?"

"ನೀವೇ ಚುಚ್ಚಿದ್ರಲ್ಲ ಸಾರ್, ಅದಕ್ಕೆ."

ಇನ್‌ಸ್ಪೆಕ್ಟರು ನಂಬಲಿಲ್ಲ. ಮಹಡಿ ಹತ್ತಿದರು, ಚಾಪೆಗಳನ್ನು ಎತ್ತಿಸಿದರು, ಅಕ್ಕಿ ಡ್ರಮ್ಮಿನಲ್ಲೂ ಇಣುಕಿದರು. ಹದಿನಾಲ್ಕು ತೋಳುಗಳನ್ನು ಒಂದೊಂದಾಗಿ ನೋಡಿ ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಗದ್ದಲ. ಬಾಗಿಲಿಗೆ ಹೋಗಿ ನೋಡಿದರೆ ಇಡೀ ಬೀದಿ ಅಲ್ಲಿದೆ. ಅಯ್ಯರ್ ಮನೆಗೇ ಅಮ್ಮ ಬಂದಿದ್ದಾಳೆ ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಮೆಣಸಿನ ಸಾರು ಮಾಡಿದವರನ್ನೇ ಬಿಡಲಿಲ್ಲವೆಂದ ಮೇಲೆ ನಮ್ಮ ಗತಿ ಏನು? ಮಕ್ಕಳನ್ನು ಎತ್ತಿಕೊಂಡು, ಮುದುಕಿಯರ ಕೈ ಹಿಡಿದು ಬಂದಿದ್ದರು. ನೀರಿನ ತೊಟ್ಟಿಯವನು ಎಲ್ಲರಿಗಿಂತ ಮುಂದೆ, ಅಂಗಿ ತೋಳು ಮಡಚಿ.

ರೋಗಿ ಯಾರೂ ಇಲ್ಲವೆಂದು ನಾನು ಹೇಳಹೊರಟೆ. ಮರಗತಂ ನನ್ನ ಕೈ ಅದುಮಿದಳು. "ಸುಮ್ನಿರು ಪಾಪಾ" ಎನ್ನುವ ಅದುಮು. ಅವಳು ಹೋಟೆಲಿನ ಖಾಲಿ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದಳು. ಮೇಲೆ ತೂಗುತ್ತಿದ್ದ ಬೇವಿನ ಕೆಳಗೆ ಬೀದಿ ತೋಳು ಚಾಚಿತು. ನನ್ನ ಒಂದು ವಾರದ ಭಾಷಣಕ್ಕೆ ಆಗದ್ದು ಒಂದು ಹಿಡಿ ಸೊಪ್ಪಿಗೆ ಆಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ಸುಮಾರು ವರ್ಷ ಹಿಡಿಯಿತು. ರಾಯರು ಮಾತ್ರ ಮೂಲೆಯಲ್ಲಿ ನಿಂತು, ಹೋಟೆಲು ಇಷ್ಟು ತುಂಬಿಯೂ ಒಬ್ಬರೂ ಕಾಫಿ ಕೇಳುತ್ತಿಲ್ಲವಲ್ಲ ಎಂದು ನೋಡುತ್ತಿದ್ದರು.

ಮಧ್ಯಾಹ್ನ ದಾಟಿ ಎಲ್ಲ ಮುಗಿದ ಮೇಲೆ ಅಮ್ಮ ಮರಗತಂಳನ್ನು ನಮ್ಮ ಹಿತ್ತಿಲಿಗೆ ಕರೆದು ಎಲೆ ಹಾಕಿದಳು. ಅಪ್ಪಯ್ಯ ಬಾವಿಕಟ್ಟೆಯ ಮೇಲೆ ಕೂತಿದ್ದರು. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದೆ, ಬಾಗಿಲು ತೆರೆದಿತ್ತು.

ಮರಗತಂ ಮೊಸರನ್ನ ಒಂದು ತುತ್ತು ಬಾಯಿಗಿಟ್ಟು ಕೇಳಿದಳು: "ಎನ್ನ ಅಣ್ಣಾ, ತಾಳಿಕ್ಕಲಿಯಾ?" ಒಗ್ಗರಣೆ ಹಾಕಲಿಲ್ಲವಾ ಎಂದು.

ಅಪ್ಪಯ್ಯ ಹೇಳಿದರು. ಹೆಂಡತಿಗೆ ಇಪ್ಪತ್ತು ವರ್ಷ ಹೇಳದ್ದನ್ನು, ಮಗಳಿಗೆ ಹಿಂದಿನ ಸಂಜೆಯೂ ಹೇಳದ್ದನ್ನು, ಗುರುತು ಪರಿಚಯ ಇಲ್ಲದ ಆ ಹೆಂಗಸಿಗೆ ತಮ್ಮ ಹೋಟೆಲು ತಮಿಳಿನಲ್ಲಿ ಹೇಳಿದರು. ಅವಳ ಮುಖದ ಕುಳಿಗಳನ್ನು ನೋಡಿ ಹೇಳಿದರೋ ಏನೋ.

ಅವರಿಗೆ ಆಗ ಎಂಟು ವರ್ಷವಂತೆ. ತಂಗಿ ಗಿರಿಜೆಗೆ ನಾಲ್ಕು. ಅವಳಿಗೆ ಅಮ್ಮ ಬಂದಿತ್ತು. ಮನೆಯಲ್ಲಿ ದಿನವೂ ಗಂಜಿ, ಬೋಳು ಸಾರು. ಹುಡುಗನಿಗೆ ಸಾಕಾಯಿತು. ಒಗ್ಗರಣೆ ಹಾಕು ಎಂದು ಅಳುತ್ತಾ ನೆಲದ ಮೇಲೆ ಬಿದ್ದು ಹೊರಳಿದ. ಅವನ ಅಬ್ಬೆ ಸೋತು, ಹಿತ್ತಿಲಿನ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಅವನ ಬಟ್ಟಲಿಗೆ ಮಾತ್ರ ನಾಲ್ಕು ಕಾಳು ಸಾಸಿವೆ ಸಿಡಿಸಿ ಕೊಟ್ಟಳು. ತುಂಬ ರುಚಿಯಾಗಿತ್ತಂತೆ. ಮಾರನೆಯ ದಿನ ಗಿರಿಜೆ ಹೋದಳು.

"ಯಾರೂ ನನಗೆ ಒಂದು ಮಾತು ಅನ್ನಲಿಲ್ಲ" ಎಂದರು ಅಪ್ಪಯ್ಯ. "ಅಂದುಬಿಟ್ಟಿದ್ದರೆ ಒಳ್ಳೆಯದಿತ್ತು."

ನನ್ನ ಕಡೆಗೋಲು ನಿಂತಿತು. ಬಾಗಿಲ ಮರೆಯಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮರಗತಂ ಅವಸರ ಮಾಡಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದು ಹೇಳಿದಳು. ಅವಳ ತಮಿಳನ್ನು ಕನ್ನಡದಲ್ಲೇ ಹೇಳುತ್ತೇನೆ. ಹೇಗೆ ಹೇಳಿದರೂ ಅವಳ ದನಿ ಬರುವುದಿಲ್ಲ.

"ಅಣ್ಣಾ, ನಮ್ಮ ಮನೆಯಲ್ಲಿ ಮೂರು ಮಕ್ಕಳಿಗೂ ಒಟ್ಟಿಗೆ ಬಂತು. ನನಗೆ, ನನ್ನ ಇಬ್ಬರು ತಮ್ಮಂದಿರಿಗೆ. ನಮ್ಮಮ್ಮ ಒಂದು ತಿಂಗಳು ಒಲೆಗೆ ಎಣ್ಣೆ ತೋರಿಸಲಿಲ್ಲ. ಒಂದು ಸಾಸಿವೆ ಸಿಡಿಯಲಿಲ್ಲ. ಪಕ್ಕದ ಮನೆಯವರ ಕಾಲಿಗೂ ಬಿದ್ದು ಅವರ ಒಗ್ಗರಣೆಯನ್ನೂ ನಿಲ್ಲಿಸಿದಳು. ಬೇವು, ಎಳನೀರು, ಹರಕೆ, ಒಂದೂ ತಪ್ಪಲಿಲ್ಲ." ಅನ್ನದ ಮೇಲೆ ಬೆರಳು ಆಡಿಸಿದಳು. "ತಮ್ಮಂದಿರು ಇಬ್ಬರೂ ಹೋದರು. ಎಲ್ಲ ಸರಿಯಾಗಿ ಮಾಡಿದ ಮನೆಯಿಂದಲೂ ಹೋದರು, ಅಣ್ಣಾ. ನೀನು ಅಳದೇ ಇದ್ದಿದ್ದರೂ ಅವಳು ಹೋಗುತ್ತಿದ್ದಳು. ಆಗ ಈ ಪೆಟ್ಟಿಗೆ ನಿಮ್ಮೂರಿಗೆ ಬಂದಿರಲಿಲ್ಲ, ಅಷ್ಟೇ."

ನಾನು ಮೂರು ವರ್ಷ ಓದಿದ್ದೂ ಇದನ್ನೇ. ನನಗೆ ಹೀಗೆ ಹೇಳಲು ಬಂದಿರಲಿಲ್ಲ.

ಮರಗತಂ ಊಟ ಮುಗಿಸಿ, ಎಲೆ ಎತ್ತಿ, ಕೊಡೆ ಬಿಡಿಸಿಕೊಂಡು ಮುಂದಿನ ಬೀದಿಗೆ ಹೊರಟುಹೋದಳು. ಅವಳಿಗೆ ಇನ್ನೂ ಎಷ್ಟೋ ತೋಳುಗಳಿದ್ದವು.

ನಾಲ್ಕೂವರೆಗೆ ಅಪ್ಪಯ್ಯ ಎದ್ದು ಮುಖ ತೊಳೆದು ಹೋಟೆಲಿನ ಅಡುಗೆಮನೆಗೆ ನಡೆದರು. ನಾನು ಹಿಂದಿನಿಂದ ಹೋದೆ. ರಾಯರು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ನಾರ್ಣ ರುಬ್ಬುವುದನ್ನು ಬಿಟ್ಟು ಕತ್ತು ಚಾಚಿದ. ಅಪ್ಪಯ್ಯ ಗೂಟದಿಂದ ಸೌಟು ಇಳಿಸಿದರು, ಎಣ್ಣೆ ಕಾಯಿಸಿದರು, ಸಾಸಿವೆ ಹಾಕಿ ತಲೆ ಓರೆ ಮಾಡಿದರು. ಚೊಂಯ್ ಎಂದು ಆ ಸದ್ದು ಎದ್ದಾಗ ದೋಸೆ ಭಟ್ರು "ಅಯ್ಯಬ್ಯಾ, ಜೀವ ಬಂತ್" ಎಂದರು. ಬಾಗಿಲಿನ ಬೇವನ್ನು ಅಪ್ಪಯ್ಯ ಬಿಚ್ಚಲಿಲ್ಲ, ರಾಯರೂ ಒತ್ತಾಯಿಸಲಿಲ್ಲ. ಅದು ತಾನಾಗಿ ಒಣಗಿ ಉದುರಿತು. ಗುಮಾಸ್ತರು ವಾರದೊಳಗೆ ವಾಪಸು ಬಂದರು. ನಾನು ಪರೀಕ್ಷೆ ಬರೆದೆ, ಪಾಸಾದೆ. ಅದನ್ನು ಆಗಲೇ ಹೇಳಿದ್ದೇನೆ.

ಹೇಳದೇ ಉಳಿದದ್ದು ಆ ಸಂಜೆಯ ಊಟ. ಅಮ್ಮ ಎಂದಿನಂತೆ ಅಪ್ಪಯ್ಯನ ಬಟ್ಟಲು ಮೊದಲು ತೆಗೆದಿಟ್ಟು, ಪಾತ್ರೆಗೆ ಒಗ್ಗರಣೆ ಹಾಕಿ ಬಡಿಸಲು ಕೂತಳು. ಅಪ್ಪಯ್ಯ ತಮ್ಮ ಬೋಳು ಸಾರನ್ನು ನೋಡಿದರು. ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅನ್ನದಲ್ಲಿ ಗುಂಡಿ ಮಾಡಿ, ಪಾತ್ರೆಯ ಕಡೆ ಕಣ್ಣಿನಲ್ಲೇ ತೋರಿಸಿದರು.

ಅಮ್ಮ ಬಡಿಸಿದಳು. ನಾವಿಬ್ಬರೂ ಕೈ ಬಾಯಿಗೆ ಒಯ್ಯದೆ ಕೂತೆವು. ಅಪ್ಪಯ್ಯ ಕಲಸಿ ಒಂದು ತುತ್ತು ತಿಂದರು. ನಿಧಾನಕ್ಕೆ ಅಗಿದರು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂಬಂತೆ ಮೂಗು ಒರೆಸಿಕೊಂಡರು. ಆಮೇಲೆ ಅವರೊಳಗಿನ ಒಗ್ಗರಣೆ ಭಟ್ರು ಎದ್ದರು.

"ಸಾಸ್ವೆ ಒಂಚೂರ್ ಹೊತ್ತಿತ್ತ್."

"ಇಪ್ಪತ್ ವರ್ಷದಿಂದ ಹೊತ್ತಿತ್ತ್" ಎಂದಳು ಅಮ್ಮ. "ಇವತ್ತ್ ಗೊತ್ತಾಯ್ತಾ ನಿಮ್ಗೆ?"

ನಗುತ್ತಿದ್ದಳೋ ಅಳುತ್ತಿದ್ದಳೋ, ಒಲೆಯ ಕಡೆ ತಿರುಗಿದ್ದರಿಂದ ನನಗೆ ಕಾಣಲಿಲ್ಲ. ಅಂದು ಮೊದಲ ಸಲ ಸೌಟು ತೊಳೆದು, ಒರೆಸಿ, ಮತ್ತೆ ಒಲೆಯ ಮೇಲಿಟ್ಟಳು. ಪಕ್ಕಕ್ಕೆ ಸರಿಸಿದ್ದ ಆ ಬಟ್ಟಲನ್ನು ಹತ್ತಿರ ಎಳೆದುಕೊಂಡು, ತಲೆ ಓರೆ ಮಾಡಿ, ಸಾಸಿವೆಯ ಸದ್ದು ಹದಕ್ಕೆ ಇಳಿಯುವವರೆಗೆ ಕಾದಳು.